ಗುಂಡಿ ಒತ್ತಿ ಓಡುವ ಮಗ

ಪ್ರಶ್ನೆ: ದಸರಾ ರಜೆಯಲ್ಲಿ ಮನೆಮಂದಿಯೆಲ್ಲ ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹೋಗಿದ್ದೆವು. ಎಂಟು ವರ್ಷದ ಮಗ ಸಿಕ್ಕಸಿಕ್ಕ ಗುಂಡಿ ಒತ್ತಿ, ಏನಾಯಿತೆಂದೂ ನೋಡದೆ ಮುಂದಕ್ಕೆ ಓಡುತ್ತಿದ್ದ. ಫಲಕ ಓದಿ ಹೇಳಹೋದರೆ ಕಿವಿಗೊಡಲಿಲ್ಲ. ಅತ್ತೆಯವರು ‘ನನಗಿದೆಲ್ಲ ತಿಳಿಯಲ್ಲಮ್ಮ’ ಎಂದು ಒಂದು ಕಡೆ ಕೂತುಬಿಟ್ಟರು. ಈಗ ಮಗ ಮತ್ತೆ ಹೋಗೋಣ ಅಂತ ಪೀಡಿಸುತ್ತಿದ್ದಾನೆ. ಹೋಗಿ ಪ್ರಯೋಜನವಿದೆಯೇ?
– ಓದುಗರೊಬ್ಬರು, ತುಮಕೂರು

ಉತ್ತರ: ಖಂಡಿತ ಹೋಗಿ. ಜಾತ್ರೆಗೆ ಹೋದ ಮಗು ಮೊದಲು ಎಲ್ಲ ಅಂಗಡಿ ಸುತ್ತಿ ಬರುತ್ತದೆ, ಆಮೇಲೆ ಒಂದು ಕಡೆ ನಿಲ್ಲುತ್ತದೆ. ನಿಮ್ಮ ಮಗನ ಸುತ್ತಾಟ ಮುಗಿದಿದೆ. ಇನ್ನು ನಿಲ್ಲುತ್ತಾನೆ.

ಫಲಕ ಓದಿ ಹೇಳುವುದನ್ನು ಮಾತ್ರ ಬಿಡಿ. ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದಾಗ ಮೊದಮೊದಲು ನಾನೂ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಫಲಕದಲ್ಲಿದ್ದುದನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ ಅನ್ನುತ್ತಿದ್ದೆ. ಪಾಪ, ತಲೆ ತಗ್ಗಿಸಿ ಬರೆದವು. ಎದುರಿಗಿದ್ದ ಯಂತ್ರವನ್ನು ಒಂದು ಮಗುವೂ ಸರಿಯಾಗಿ ನೋಡಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಮುಂದಿನ ವರ್ಷ ನೋಟ್‌ಬುಕ್ ಬೇಡವೆಂದೆ. ತಿರುಗುವ ವೇದಿಕೆಯ ಮೇಲೆ ಕೈಚಾಚಿ ನಿಂತಿದ್ದ ಹುಡುಗಿಯೊಬ್ಬಳು ಕೈಗಳನ್ನು ಎದೆಗೆ ಎಳೆದುಕೊಂಡಳು, ಗಿರ್ರನೆ ತಿರುಗಿದಳು. ಇಳಿದವಳೇ, ‘ಟೀಚರ್, ನನ್ನನ್ನು ಯಾರೂ ತಳ್ಳಲಿಲ್ಲ, ಮತ್ತೆ ಈ ಜೋರು ಎಲ್ಲಿಂದ ಬಂತು?’ ಅಂದಳು. ಕೈ ಒಳಗೆಳೆಯುವಾಗ ಯಾರೋ ಹೊರಗೆ ಜಗ್ಗಿದ ಹಾಗಾಯಿತೇ ಎಂದು ಕೇಳಿದೆ. ಹೌದೆಂದಳು. ಆ ಜಗ್ಗಾಟವನ್ನು ಮೀರಿ ಅವಳ ತೋಳು ಮಾಡಿದ ಕೆಲಸವೇ ಆ ಜೋರು. ಅದನ್ನು ಅವಳ ತೋಳೇ ಅವಳಿಗೆ ಹೇಳಿಯಾಗಿತ್ತು. ನಿಮ್ಮ ಮನೆಯಲ್ಲಿ ತಿರುಗುವ ಆಫೀಸು ಕುರ್ಚಿ ಇದ್ದರೆ, ಎರಡು ಕೈಗೂ ನೀರಿನ ಬಾಟಲಿ ಕೊಟ್ಟು ಇದನ್ನು ಮಾಡಿಸಬಹುದು. ಕುರ್ಚಿಯನ್ನು ಮೆಲ್ಲಗೆ ತಿರುಗಿಸಿ, ಪಕ್ಕದಲ್ಲೇ ನಿಂತಿರಿ.

ಈ ಸಲ ಎಲ್ಲವನ್ನೂ ನೋಡಿ ಮುಗಿಸುವ ಹಟ ಬೇಡ. ಮೂರೋ ನಾಲ್ಕೋ ಸಾಕು. ಗುಂಡಿ ಒತ್ತುವ ಮೊದಲು ‘ಏನಾಗುತ್ತೆ ಹೇಳು?’ ಅನ್ನಿ. ತಪ್ಪು ಹೇಳಿದರೆ ತಿದ್ದಬೇಡಿ, ಯಂತ್ರವೇ ತಿದ್ದಲಿ.

ಅತ್ತೆಯವರ ವಿಷಯ. ರಾಟೆಯ ಮಾದರಿ ಕಂಡಲ್ಲಿ ಅವರ ಕೈಗೆ ಹಗ್ಗ ಕೊಡಿ. ಬಾವಿಯಲ್ಲಿ ನೀರು ಸೇದಿದ ಕೈಗೆ ರಾಟೆ ಗೊತ್ತಿಲ್ಲವೇ? ರಾಟೆಯಿಲ್ಲದ ಬಾವಿಯಲ್ಲಿ ಸೇದುವುದು ಹೇಗಿರುತ್ತಿತ್ತೆಂದು ಮೊಮ್ಮಗನೇ ಕೇಳಲಿ.

ಆಮೇಲೆ ರೈಟ್ ಸಹೋದರರ ವಿಮಾನ. ಅಲ್ಲಿರುವುದು ಪೂರ್ಣಗಾತ್ರದ ಪ್ರತಿಕೃತಿ, ನಲವತ್ತಡಿ ರೆಕ್ಕೆ. ಓಡಿಸುವವನು ಹೊಟ್ಟೆಯ ಮೇಲೆ ಮಲಗಿಕೊಂಡು, ಸೊಂಟ ಸರಿಸಿ ರೆಕ್ಕೆಯನ್ನು ತಿರುಚುತ್ತಿದ್ದ. 1903ರ ಡಿಸೆಂಬರ್ 17ರಂದು ಅದು ಮೊದಲ ಸಲ ಹಾರಿದ್ದು 12 ಸೆಕೆಂಡು, 120 ಅಡಿ ಅಷ್ಟೆ. ಎದುರುಗಾಳಿ ಬಲವಾಗಿತ್ತು, ಹಾಗಾಗಿ ನೆಲದ ಲೆಕ್ಕದಲ್ಲಿ ವಿಮಾನ ಸಾಗಿದ್ದು ಹುಡುಗನೊಬ್ಬ ಓಡುವಷ್ಟೇ ವೇಗದಲ್ಲಿ. ಅದನ್ನು ಅವನಿಗೆ ಬಾಯಲ್ಲಿ ಹೇಳಬೇಡಿ. ಮ್ಯೂಸಿಯಂ ಮುಗಿಸಿ ಪಕ್ಕದ ಕಬ್ಬನ್ ಪಾರ್ಕಿಗೆ ಬನ್ನಿ, ದೊಡ್ಡವರ ಹೆಜ್ಜೆಯಲ್ಲಿ ಸುಮಾರು ಐವತ್ತು ಅಳೆದು ಅವನನ್ನು ಓಡಲು ಬಿಡಿ. ಹನ್ನೆರಡು ಎಣಿಸುವ ಕೆಲಸ ಅಜ್ಜಿಗೆ ಕೊಡಿ.