ಕಡಲಕಳೆ ಪುಡಿ ನಂಬಿ ಥೈರಾಯ್ಡ್ ಮಾತ್ರೆ ಬಿಡಬೇಡಿ

ಮಳೆಗಾಲ ಮುಗಿದಾಗಿನಿಂದ ನನಗೆ ಬರುವ ಪತ್ರಗಳಲ್ಲಿ ಅರ್ಧದಷ್ಟು ಕಡಲಕಳೆಯದ್ದೇ. ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆಯಾದ್ದರಿಂದ ಈ ಸಲ ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ.

ಪ್ರಶ್ನೆ: ಹೈಪೋಥೈರಾಯ್ಡ್ ಇದೆ. ಐದು ವರ್ಷದಿಂದ ದಿನಾ ಮಾತ್ರೆ ನುಂಗುತ್ತಿದ್ದೇನೆ. ಪರಿಚಯದ ಅಕ್ಕ ಒಬ್ಬರು ಕಡಲಕಳೆ ಪುಡಿ ತಂದುಕೊಟ್ಟು, ಇದರಲ್ಲಿ ಅಯೋಡಿನ್ ತುಂಬಿದೆ, ಇನ್ನು ಮಾತ್ರೆ ಬೇಡ ಅಂದರು. ಹತ್ತು ದಿನದಿಂದ ಮಾತ್ರೆ ಬಿಟ್ಟಿದ್ದೇನೆ, ಆರಾಮವಾಗಿಯೇ ಇದ್ದೇನೆ. ಮುಂದುವರಿಸಲೇ? ಜಪಾನಿನವರು ದಿನಾ ತಿನ್ನುತ್ತಾರಂತಲ್ಲ?
(ಬ್ರಹ್ಮಾವರದ ಓದುಗರು)

ಉತ್ತರ: ಬೇಡ. ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಹಳೆಯ ಮಾತ್ರೆಯನ್ನೇ ಶುರು ಮಾಡಿ, ಪುಡಿ ಎತ್ತಿಡಿ.

ಹತ್ತು ದಿನ ನಿಮ್ಮನ್ನು ಆರಾಮವಾಗಿಟ್ಟದ್ದು ಆ ಪುಡಿಯಲ್ಲ, ನೀವು ಬಿಟ್ಟ ಮಾತ್ರೆ. ಅದರಲ್ಲಿರುವ ಲೆವೊಥೈರಾಕ್ಸಿನ್, ಅಂದರೆ ನಿಮ್ಮ ಗ್ರಂಥಿ ಸಾಕಷ್ಟು ತಯಾರಿಸದ ಥೈರಾಯ್ಡ್ ಹಾರ್ಮೋನು, ಮೈಯಲ್ಲಿ ಅರ್ಧಕ್ಕಿಳಿಯಲು ಸುಮಾರು 7 ದಿನ ಬೇಕು. ಹಾಗಾಗಿ ಬಿಟ್ಟ ಮೊದಲೆರಡು ವಾರ ಏನೂ ಗೊತ್ತಾಗುವುದಿಲ್ಲ. ಪುಡಿ ಮಾರುವವರಿಗೆ ಹೆಸರು ತಂದುಕೊಡುವುದು ಈ ಎರಡು ವಾರವೇ. ಸುಸ್ತು, ಮಲಬದ್ಧತೆ, ಮುಖ ಊದುವುದು ನಿಧಾನವಾಗಿ ಆಮೇಲೆ ಬರುತ್ತದೆ. ಅಷ್ಟರಲ್ಲಿ ಇನ್ನೂ ನಾಲ್ಕು ಜನರಿಗೆ ಪೊಟ್ಟಣ ಹೋಗಿರುತ್ತದೆ.

ಅಯೋಡಿನ್ ಕೊರತೆಯಿಂದ ಥೈರಾಯ್ಡ್ ಸೊರಗುವುದು ನಿಜ. ಆದರೆ ಅಯೋಡಿನ್ ಬೆರೆಸಿದ ಉಪ್ಪು ಮನೆಮನೆಗೆ ಬಂದಿದೆ, ನಮ್ಮ ಕಡೆ ಮೀನು, ಹಾಲು ಬೇರೆ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಬರೀ 150 ಮೈಕ್ರೋಗ್ರಾಂ. ನನ್ನಲ್ಲಿಗೆ ಬರುವ ಹೆಚ್ಚಿನವರ ಕಾಯಿಲೆ ಹಾಶಿಮೊಟೊ, ಅಂದರೆ ಮೈಯ ರೋಗನಿರೋಧಕ ಶಕ್ತಿಯೇ ಥೈರಾಯ್ಡ್ ಗ್ರಂಥಿಯನ್ನು ಕೆಡಿಸುವುದು. ಒಲೆಯೇ ಒಡೆದಿರುವಾಗ ಸೌದೆ ತುರುಕಿದರೆ ಅನ್ನ ಬೇಯುವುದಿಲ್ಲ, ಹೊಗೆ ತುಂಬುತ್ತದೆ. ಅಯೋಡಿನ್ ಒಮ್ಮೆಲೇ ಹೆಚ್ಚಾದರೆ ಗ್ರಂಥಿ ಹಾರ್ಮೋನು ತಯಾರಿಸುವುದನ್ನೇ ನಿಲ್ಲಿಸುತ್ತದೆ. ಆರೋಗ್ಯವಂತರಲ್ಲಿ ಕೆಲವು ದಿನಗಳಲ್ಲಿ ಮತ್ತೆ ಶುರುವಾಗುತ್ತದೆ, ಹಾಶಿಮೊಟೊ ಇದ್ದವರಲ್ಲಿ ಎಷ್ಟೋ ಸಲ ಆಗುವುದಿಲ್ಲ.

ಜಪಾನಿನ ಮಾತು ಎತ್ತಿದ್ದೀರಿ. ಕೊಂಬು ಎಂಬ ಕಂದು ಕಡಲಕಳೆಯನ್ನು ಅತಿಯಾಗಿ ತಿನ್ನುತ್ತಿದ್ದ ಹೊಕ್ಕೈಡೊ ಕರಾವಳಿಯ ಜನರಲ್ಲಿ ಗಳಗಂಡ ಕಂಡುಬಂದದ್ದನ್ನು ಅಲ್ಲಿನ ವೈದ್ಯರೇ 1965ರಲ್ಲಿ ಬರೆದಿದ್ದಾರೆ. ಒಣಗಿದ ಕೊಂಬುವಿನ ಒಂದೇ ಗ್ರಾಂನಲ್ಲಿ 1,000 ಮೈಕ್ರೋಗ್ರಾಂಗೂ ಹೆಚ್ಚು ಅಯೋಡಿನ್ ಇರಬಹುದು. ಸುಶಿಗೆ ಸುತ್ತುವ ನೋರಿಯಲ್ಲಿ ಗ್ರಾಂಗೆ ಹತ್ತಾರು ಮೈಕ್ರೋಗ್ರಾಂ ಮಾತ್ರ. ಎರಡಕ್ಕೂ ನಾವು ಹೇಳುವುದು ಕಡಲಕಳೆ ಅಂತಲೇ.

ಕಳೆದ ತಿಂಗಳು ಮಲ್ಪೆ ಕಡೆಯ ತಾಯಿಯೊಬ್ಬರು ಇಂಥದ್ದೇ ಪೊಟ್ಟಣವನ್ನು ಸೆರಗಿನ ಗಂಟಿನಿಂದ ಬಿಚ್ಚಿ ನನ್ನ ಮೇಜಿನ ಮೇಲಿಟ್ಟರು. ಕಂದು ಹಸಿರು ಪುಡಿ, ಒಣಮೀನಿನ ವಾಸನೆ. ಚೀಟಿಯಲ್ಲಿ ಎಲೆಯ ಚಿತ್ರ, ‘ನೂರಕ್ಕೆ ನೂರು ನೈಸರ್ಗಿಕ’ ಅಂತ ದಪ್ಪ ಅಕ್ಷರ. ಯಾವ ಜಾತಿಯ ಕಳೆ, ಎಷ್ಟು ಅಯೋಡಿನ್, ಯಾರು ತಯಾರಿಸಿದ್ದು, ಒಂದೂ ಇಲ್ಲ. ಥೈರಾಯ್ಡ್ ಸೊರಗಿದಷ್ಟೂ ರಕ್ತದಲ್ಲಿ ಏರುವ ಹಾರ್ಮೋನು ಟಿಎಸ್‌ಎಚ್. ಮೂರು ತಿಂಗಳ ಹಿಂದೆ 3 ಇದ್ದ ಅವರ ಟಿಎಸ್‌ಎಚ್ 48ಕ್ಕೆ ಏರಿತ್ತು. ಕಣ್ಣು ಬಾತಿತ್ತು, ದನಿ ಗೊಗ್ಗರಾಗಿತ್ತು. ‘ಡಾಕ್ಟ್ರೇ, ಕಡಲಿನದ್ದಲ್ವಾ, ಏನೂ ಮಾಡ್ಲಿಕ್ಕಿಲ್ಲ ಅಂದ್ಕೊಂಡೆ’ ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಮಾರಿದವರ ಮೇಲೆ ಇದೆ.

ನೀವು ಮಾತ್ರೆ ಶುರು ಮಾಡಿ ಆರರಿಂದ ಎಂಟು ವಾರಕ್ಕೆ ಟಿಎಸ್‌ಎಚ್ ಮಾಡಿಸಿ. ಅದಕ್ಕೂ ಮೊದಲು ಮಾಡಿಸಿದರೆ ಸರಿಯಾದ ಲೆಕ್ಕ ಸಿಗುವುದಿಲ್ಲ.

ಪ್ರಶ್ನೆ: ಫ್ಯೂಕಾಯ್ಡನ್ ಕ್ಯಾನ್ಸರ್ ಗುಣಪಡಿಸುತ್ತದೆಯೇ?
(ಕೊಟ್ಟಾರ)

ಉತ್ತರ: ಇಲ್ಲ. ಕಂದು ಕಡಲಕಳೆಯ ಈ ಅಂಶ ಪ್ರಯೋಗಾಲಯದ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಂದಿದೆ, ಸಂಶೋಧನೆ ನಡೆಯಲೇಬೇಕು. ತಟ್ಟೆಯಿಂದ ರೋಗಿಯ ಹಾಸಿಗೆಗೆ ದೂರ ಬಹಳ. ಇದಕ್ಕೆ ರಕ್ತ ಹೆಪ್ಪುಗಟ್ಟದಂತೆ ಮಾಡುವ ಗುಣವೂ ಇದೆ. ರಕ್ತ ಹೆಪ್ಪುಗಟ್ಟದಿರಲು ಕೊಡುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಮುಟ್ಟಲೇಬೇಡಿ.

ಪ್ರಶ್ನೆ: ಹಾಗಾದರೆ ಕಡಲಕಳೆಯಿಂದ ಪ್ರಯೋಜನವೇ ಇಲ್ಲವೇ?

ಉತ್ತರ: ಹಾಗೆ ನಾನು ಯಾವತ್ತೂ ಹೇಳಿಲ್ಲ. ಎದೆಯುರಿಗೆ ಕೊಡುವ ಆಲ್ಜಿನೇಟ್ ಸಿರಪ್ ಕಂದು ಕಡಲಕಳೆಯದ್ದು. ಹೊಟ್ಟೆಯಲ್ಲಿರುವುದರ ಮೇಲೆ ತೆಪ್ಪದಂತೆ ತೇಲಿ, ಆಮ್ಲ ಮೇಲೆ ಬರದಂತೆ ತಡೆಯುತ್ತದೆ. ರಸಿಕೆ ಸೋರುವ ಗಾಯದ ಪಟ್ಟಿಗೂ, ಹಲ್ಲಿನ ಅಚ್ಚು ತೆಗೆಯಲೂ ಅದೇ ಆಲ್ಜಿನೇಟ್. ಇವೆಲ್ಲ ಅಳತೆ ಮಾಡಿ, ಪರೀಕ್ಷಿಸಿ ಬಂದವು.

ಪ್ರಶ್ನೆ: ಚೈನಾಗ್ರಾಸ್ ಕೂಡ ಕಡಲಕಳೆಯಿಂದಲೇ ಮಾಡುವುದಂತೆ. ಅದರ ಪುಡ್ಡಿಂಗ್ ತಿನ್ನಬಹುದೇ?

ಉತ್ತರ: ಧಾರಾಳವಾಗಿ. ಥೈರಾಯ್ಡ್‌ಗೆ ವಿಕಿರಣಶೀಲ ಅಯೋಡಿನ್ (ರೇಡಿಯೋ ಅಯೋಡಿನ್) ಚಿಕಿತ್ಸೆಗೆ ತಯಾರಾಗುತ್ತಿರುವವರು ಮಾತ್ರ ಮೊದಲು ನಿಮ್ಮ ಡಾಕ್ಟರನ್ನು ಕೇಳಿ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಬಿ12ಗೆ ಸ್ಪಿರುಲಿನಾ ಎಂಬ ಪಾಚಿಯ ಪುಡಿ ಸಾಕೇ?
(ಉಡುಪಿ)

ಉತ್ತರ: ಸಾಲದು. ಅದರಲ್ಲಿರುವ ಹೆಚ್ಚಿನ ಬಿ12 ನಮ್ಮ ಮೈಗೆ ಹತ್ತದ ರೂಪದ್ದು. ಹಾಲು, ಮೊಸರು ಸಾಲದಿದ್ದರೆ ಮಾತ್ರೆ.

ಪ್ರಶ್ನೆ: ಕಾಪು ಬಂಡೆಯ ಮೇಲಿನ ಹಸಿರು ಪಾಚಿ ಕಿತ್ತು ಒಣಗಿಸಿ ತಿನ್ನಬಹುದೇ?

ಉತ್ತರ: ಬೇಡ. ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂಗಳನ್ನೂ ಪಾಚಿ ಹೀರಿಕೊಳ್ಳುತ್ತದೆ.

ಪ್ರಶ್ನೆ: ಮಗಳು ನಾಲ್ಕು ತಿಂಗಳ ಬಸುರಿ. ಮಗುವಿನ ಬುದ್ಧಿ ಚುರುಕಾಗಲು ಕೆಲ್ಪ್ ಎಂಬ ಕಂದು ಕಡಲಕಳೆಯ ಮಾತ್ರೆ ತರಿಸಿದ್ದೇವೆ. ಕೊಡಬಹುದೇ?
(ಸುರತ್ಕಲ್)

ಉತ್ತರ: ಇವತ್ತೇ ನಿಲ್ಲಿಸಿ. ಬಸುರಿಗೆ ದಿನಕ್ಕೆ 250 ಮೈಕ್ರೋಗ್ರಾಂ ಅಯೋಡಿನ್ ಬೇಕು, ನಿಜ. ಕೆಲ್ಪ್ ಮಾತ್ರೆಯಲ್ಲಿ ಅದರ ಹಲವು ಪಟ್ಟು ಇರಬಹುದು. ಹೆಚ್ಚಾದದ್ದು ಮಾಸು ದಾಟಿ ಹೋಗಿ ಮಗುವಿನ ಥೈರಾಯ್ಡನ್ನೇ ತಡೆಯುತ್ತದೆ. ಈ ವಾರವೇ ಮಗಳ ಟಿಎಸ್‌ಎಚ್ ಮಾಡಿಸಿ. ಹೆರಿಗೆ ಡಾಕ್ಟರ ಬಳಿ ಹೋಗುವಾಗ ಆ ಮಾತ್ರೆಯ ಡಬ್ಬಿಯನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ.