ಜಾತ್ರೆ ಚಿತ್ರದಲ್ಲಿ ‘ಫೀಲ್ ಇಲ್ಲ’ ಅಂತಾರೆ, ಏನು ಮಾಡಲಿ?

ಪ್ರಶ್ನೆ: ಸರ್, ನಮಸ್ಕಾರ. ನಾನು ಕೊಪ್ಪಳದವಳು. ಚಿತ್ರಕಲೆ ಓದುತ್ತಿದ್ದೇನೆ, ಎರಡನೇ ವರ್ಷ. ಪ್ರತಿ ಶನಿವಾರ ಕ್ಲಾಸಿನಲ್ಲಿ ಎಲ್ಲರ ಕೆಲಸವನ್ನೂ ಗೋಡೆಗೆ ಹಾಕಿ, ಒಬ್ಬೊಬ್ಬರೇ ಅದರ ಬಗ್ಗೆ ಮಾತಾಡಬೇಕು. ಈ ಸಲ ನಾನು ಗವಿಮಠದ ಜಾತ್ರೆ ಬಿಡಿಸಿದ್ದೆ, ಪೋಸ್ಟರ್ ಕಲರ್‌ನಲ್ಲಿ. ಮನೆಯಲ್ಲಿ ಕೂತು ಮಾಡುವಾಗ ಬಹಳ ಖುಷಿ ಇತ್ತು. ಗೋಡೆಗೆ ಹಾಕಿದ ತಕ್ಷಣ ಬೇರೆ ಯಾರೋ ಮಾಡಿದ್ದರ ಹಾಗೆ ಕಾಣಿಸಿತು. ಒಬ್ಬ ‘ಫೀಲ್ ಇಲ್ಲ’ ಅಂದ. ಇನ್ನೊಬ್ಬಳು ‘ಕಂಪೋಸಿಷನ್ (ಜೋಡಣೆ) ವೀಕ್’ ಅಂದಳು. ಸರ್ ‘ಇನ್ನೂ ವರ್ಕ್ ಮಾಡು’ ಅಂದರು. ಮನೆಗೆ ಬಂದು ಶೀಟ್ ಸುರುಳಿ ಸುತ್ತಿ ಇಟ್ಟೆ, ಮತ್ತೆ ತೆಗೆದಿಲ್ಲ. ನನ್ನ ಸರದಿ ಬಂದರೆ ನಾನಾದರೂ ಏನು, ‘ಚೆನ್ನಾಗಿದೆ, ಕಲರ್ ಚೆನ್ನಾಗಿದೆ’ ಅಂತ ಹೇಳಿ ಕೂತುಬಿಡುತ್ತೇನೆ. ಇನ್ನೊಂದು ಮಾತು. ಕಿನ್ನಾಳಕ್ಕೆ ಹೋಗಿ ಗೊಂಬೆ ಮಾಡುವುದನ್ನು ನೋಡಿ ಬಂದೆ. ಅದನ್ನು ಹೇಳಿದರೆ ‘ಅದು ಕ್ರಾಫ್ಟ್, ಆರ್ಟ್ ಅಲ್ಲ’ ಅಂತ ನಕ್ಕರು. ಚಿತ್ರ ಮಾಡುವುದು, ನೋಡುವುದು, ಅದರ ಬಗ್ಗೆ ಮಾತಾಡುವುದು ಮೂರೂ ಬೇರೆ ಬೇರೆ ವಿದ್ಯೆ ಅನಿಸುತ್ತಿದೆ. ನನಗೆ ಮೊದಲನೆಯದು ಮಾತ್ರ ಸ್ವಲ್ಪ ಬರುತ್ತದೆ. ಉಳಿದೆರಡನ್ನು ಹೇಗೆ ಕಲಿಯುವುದು? ಚಿತ್ರದ ಫೋಟೋ ಕಳಿಸಿದ್ದೇನೆ.
— ಹೆಸರು ಬೇಡ, ಕೊಪ್ಪಳ

ಉತ್ತರ: ಫೋಟೋ ನೋಡಿದೆ. ಮೊದಲು ಆ ಸುರುಳಿ ಬಿಚ್ಚಿ ಗೋಡೆಗೆ ಹಾಕಿ, ಅದರ ಎದುರು ಕೂತು ಇದನ್ನು ಓದಿ. (ಪೋಸ್ಟರ್ ಕಲರ್ ದಪ್ಪಗೆ ಹಚ್ಚಿದ ಹಾಳೆಯನ್ನು ಸುರುಳಿ ಸುತ್ತಿದರೆ ಬಣ್ಣ ಬಿರುಕು ಬಿಡುತ್ತದೆ, ಅದು ಬೇರೆ ವಿಷಯ.)

ತೇರು ಹಾಳೆಯ ನಟ್ಟನಡುವೆ ಇದೆ. ಅದು ತಪ್ಪೇನಲ್ಲ. ಆದರೆ ನನ್ನ ಕಣ್ಣು ಮೊದಲು ಹೋಗಿದ್ದು ತೇರಿನ ಕಡೆಗಲ್ಲ, ಬಲಗಡೆ ಕೆಳಮೂಲೆಯಲ್ಲಿ ಬಲೂನು ಮಾರುತ್ತಿರುವವನ ಕಡೆಗೆ. ಯಾಕೆ ಗೊತ್ತಾ? ಇಡೀ ಹಾಳೆಯಲ್ಲಿ ಹಳದಿಯ ಪಕ್ಕಕ್ಕೇ ಕಪ್ಪು ಬಂದಿರುವುದು ಅಲ್ಲೊಂದೇ ಕಡೆ. ತೀರಾ ತಿಳಿ ಬಣ್ಣ ತೀರಾ ಗಾಢ ಬಣ್ಣಕ್ಕೆ ತಾಗುವ ಜಾಗಕ್ಕೆ ಕಣ್ಣು ತಾನಾಗಿ ಓಡುತ್ತದೆ, ನೀವು ಬೇಡ ಅಂದರೂ. ಈಗ ಆ ಫೋಟೋವನ್ನು ಫೋನಿನಲ್ಲೇ ಬ್ಲ್ಯಾಕ್ ಅಂಡ್ ವೈಟ್ ಮಾಡಿ ನೋಡಿ. ತೇರಿನ ಕೆಂಪು, ಹಿಂದಿನ ಆಕಾಶದ ನೀಲಿ, ಎರಡೂ ಒಂದೇ ಬೂದಿಯಾಗಿ ಬಿಡುತ್ತವೆ. ಬಣ್ಣ ಬೇರೆ ಬೇರೆ, ಗಾಢತೆ ಮಾತ್ರ ಒಂದೇ. ಅದಕ್ಕೇ ತೇರು ಆಕಾಶದಲ್ಲಿ ಹೂತುಹೋಗಿದೆ. ‘ಕಂಪೋಸಿಷನ್ ವೀಕ್’ ಅಂದ ಹುಡುಗಿಗೆ ಕಂಡದ್ದು ಬಹುಶಃ ಇದೇ. ಹೇಳಲು ಬರಲಿಲ್ಲ, ಅಷ್ಟೇ.

‘ಫೀಲ್ ಇಲ್ಲ’ ಅಂದವನನ್ನೂ ಸುಮ್ನೆ ತಳ್ಳಿಹಾಕಬೇಡಿ. ಗವಿಸಿದ್ಧೇಶ್ವರನ ತೇರು ಎಳೆಯುವುದು ಸಂಜೆ ಹೊತ್ತು. ಜನವರಿ ತಿಂಗಳ ಇಳಿಬಿಸಿಲು ಒಂದು ಕಡೆಯಿಂದ ಬೀಳುತ್ತಿರುತ್ತದೆ, ಮುಖದ ಅರ್ಧ ಬೆಳಕು, ಅರ್ಧ ನೆರಳು. ನಿಮ್ಮ ಆಕಾಶ ಮಟಮಟ ಮಧ್ಯಾಹ್ನದ್ದು, ನೆರಳು ಎಲ್ಲೂ ಇಲ್ಲ. ಇನ್ನು ಜನ. ತೇರು ಕದಲಿದಾಗ ಆ ಲಕ್ಷಗಟ್ಟಲೆ ಜನ ಹೇಗೆ ಒಮ್ಮೆಗೇ ವಾಲುತ್ತಾರೆ, ಉತ್ತತ್ತಿ ಎಸೆಯುವವನ ಭುಜ ಹೇಗೆ ಹಿಂದಕ್ಕೆ ಹೋಗುತ್ತದೆ, ಪಕ್ಕದವನು ಹೇಗೆ ತಲೆ ತಗ್ಗಿಸುತ್ತಾನೆ, ಇದನ್ನೆಲ್ಲ ಕೊಪ್ಪಳದವರಾದ ನಿಮಗೆ ನಾನು ಹೇಳಬೇಕಾ? ಚಿತ್ರದಲ್ಲಿ ಮಾತ್ರ ಎಲ್ಲರೂ ಗ್ರೂಪ್ ಫೋಟೋಗೆ ನಿಂತ ಹಾಗೆ ನಿಂತಿದ್ದಾರೆ. ತಲೆಗಳೆಲ್ಲ ಒಂದೇ ಅಳತೆ. ಎತ್ತಿದ ಕೈಗಳೆಲ್ಲ ಒಂದೇ ಕೋನ.

ಈಗ ಯಾರೂ ಹೇಳದ ಒಂದು ಮಾತು. ಎಡಗಡೆ ನಮಗೆ ಬೆನ್ನು ಹಾಕಿ ನಿಂತ ಮೂವರು ಹೆಂಗಸರಿದ್ದಾರಲ್ಲ, ಅವರಲ್ಲಿ ಒಬ್ಬಳ ಹೆಗಲ ಮೇಲಿನ ಕೂಸು ತೇರು ಬಿಟ್ಟು ನಮ್ಮ ಕಡೆಗೇ ನೋಡುತ್ತಿದೆ. ಅಲ್ಲಿ ನೀವು ಔಟ್‌ಲೈನ್ ಹಾಕೇ ಇಲ್ಲ. ಸೀರೆಯ ಹಸಿರಿಗೆ ಪಕ್ಕದ ಸೀರೆಯ ಕಂದು ತಾಗಿ ಗೆರೆ ತಾನೇ ಹುಟ್ಟಿದೆ. ಇಡೀ ಚಿತ್ರದಲ್ಲಿ ನೀವು ನಿಜವಾಗಿ ನೋಡಿ ಮಾಡಿದ್ದು ಆ ಅಂಗೈಯಗಲದ ಜಾಗ. ಉಳಿದದ್ದನ್ನು ‘ಜಾತ್ರೆ ಅಂದರೆ ಹೀಗಿರುತ್ತದೆ’ ಅನ್ನುವ ನೆನಪಿನಿಂದ ತುಂಬಿದ್ದೀರಿ. ಕ್ಲಾಸಿನವರು ಈ ಕೂಸನ್ನು ಬಿಟ್ಟಿದ್ದು ನನಗೆ ಬೇಜಾರಾಯಿತು. ಎಲ್ಲಿ ಚೆನ್ನಾಗಿದೆ ಅಂತ ಬೆರಳಿಟ್ಟು ತೋರಿಸುವುದೂ ವಿಮರ್ಶೆಯೇ. ಅದಕ್ಕೆ ಜಾಸ್ತಿ ಕಣ್ಣು ಬೇಕು.

ಮುಂದಿನ ಶನಿವಾರ ಯಾರಾದರೂ ‘ಫೀಲ್ ಇಲ್ಲ’ ಅಂದರೆ ಜಗಳ ಬೇಡ, ಅಳುವುದೂ ಬೇಡ. ‘ಎಲ್ಲಿ?’ ಅಂತ ಕೇಳಿ. ಹಾಳೆಯ ಹತ್ತಿರ ಬಂದು ಬೆರಳು ಇಟ್ಟರೆ ಬರೆದುಕೊಳ್ಳಿ. ಇಡಲು ಆಗದಿದ್ದರೆ ಅದು ಕ್ಯಾಂಟೀನ್ ಮಾತು, ಅಲ್ಲೇ ಬಿಡಿ. ‘ಇನ್ನೂ ವರ್ಕ್ ಮಾಡು’ ಅಂದ ಸರ್‌ಗೂ ಮರ್ಯಾದೆಯಿಂದ ಇದನ್ನೇ ಕೇಳಬಹುದು.

ಗೋಡೆಗೆ ಹಾಕಿದಾಗ ಬೇರೆಯವರದ್ದರ ಹಾಗೆ ಕಂಡಿತು ಅಂದಿರಿ. ಅದು ಒಳ್ಳೆಯದೇ ಆಯಿತು. ಮನೆಯಲ್ಲಿ ನೆಲದ ಮೇಲೆ ಹಾಳೆ ಹಾಸಿಕೊಂಡು ಒಂದು ಮೊಳದ ದೂರದಿಂದ ಬಣ್ಣ ಹಚ್ಚುತ್ತೀರಿ. ಕ್ಲಾಸಿನಲ್ಲಿ ಅದೇ ಹಾಳೆ ನೆಟ್ಟಗೆ ನಿಂತು, ಏಳೆಂಟು ಅಡಿ ದೂರದಿಂದ, ಟ್ಯೂಬ್‌ಲೈಟಿನಲ್ಲಿ ಕಾಣುತ್ತದೆ. ಹತ್ತಿರದಿಂದ ಬೆರಳಿನ ಉಗುರು ಕಾಣುತ್ತದೆ, ದೂರದಿಂದ ಬಣ್ಣದ ದೊಡ್ಡ ದೊಡ್ಡ ತುಂಡುಗಳು ಮಾತ್ರ. ಹಾಗಾಗಿ ಮಾಡುತ್ತಿರುವಾಗಲೇ ಆಗಾಗ ಎದ್ದು, ಹಾಳೆಯನ್ನು ಗೋಡೆಗೆ ಒರಗಿಸಿ, ಹಿಂದೆ ಸರಿದು ನೋಡಿ. ಕನ್ನಡಿಯಲ್ಲಿ ನೋಡಿ. ತಲೆಕೆಳಗೆ ಮಾಡಿ ನೋಡಿ. ಇದು ಇವತ್ತಿನ ಉಪಾಯವಲ್ಲ. 1519ರಲ್ಲಿ ತೀರಿಕೊಂಡ ಲಿಯೊನಾರ್ಡೊ ಡ ವಿಂಚಿಯೇ ತನ್ನ ಟಿಪ್ಪಣಿಗಳಲ್ಲಿ ಹೇಳಿದ್ದಾನೆ, ಕೆಲಸವನ್ನು ಕನ್ನಡಿಯಲ್ಲಿ ನೋಡು, ಆಗ ಇನ್ನೊಬ್ಬನ ಕೈಕೆಲಸದಂತೆ ಕಂಡು ತಪ್ಪು ಬೇಗ ತಿಳಿಯುತ್ತದೆ ಅಂತ.

ಇನ್ನು ನೋಡುವುದು. ಇದಕ್ಕೆ ಬೇಕಾದದ್ದು ಹೊತ್ತು. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂಗೆ ಬಂದವರು ಒಂದೊಂದು ಚಿತ್ರದ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ ಅಂತ ಲೆಕ್ಕ ಹಾಕಿ 2001ರಲ್ಲಿ ಪ್ರಕಟಿಸಿದರು. ಸರಾಸರಿ 27 ಸೆಕೆಂಡ್. ಅದೂ ದುಡ್ಡು ಕೊಟ್ಟು, ವಿಮಾನ ಹತ್ತಿ ಬಂದವರೂ ಸೇರಿ! ನಾವು ಫೋನಿನಲ್ಲಿ ಬೆರಳಾಡಿಸುತ್ತಾ ನೋಡುವುದು ಅದಕ್ಕಿಂತ ಎಷ್ಟೋ ಕಡಿಮೆ, ಅಲ್ವಾ? ಬಿಡುವು ಸಿಕ್ಕಾಗ ಬಳ್ಳಾರಿಗೆ ಹೋಗಿ, ಸಂಗನಕಲ್ಲು–ಕಪ್ಪಗಲ್ಲು ಗುಡ್ಡ ಹತ್ತಿ. ಗೊತ್ತಿರುವವರನ್ನು ಕರೆದುಕೊಂಡು ಬೆಳಗ್ಗೆಯೇ ಹೋಗಬೇಕು. ಕರಿ ಬಂಡೆಗಳ ಮೇಲೆ ಕಲ್ಲಿನಿಂದಲೇ ಕುಟ್ಟಿ ಕುಟ್ಟಿ ಮಾಡಿದ ಚಿತ್ರಗಳಿವೆ. 1892ರಲ್ಲೇ ಇವುಗಳ ಬಗ್ಗೆ ಬರೆದಿದ್ದಾರೆ. ಹಳೆಯವು ನವಶಿಲಾಯುಗದವು ಅನ್ನುತ್ತಾರೆ, ಅಂದರೆ ಸಾವಿರಾರು ವರ್ಷದವು. ಉದ್ದ ಕೊಂಬಿನ ದನಗಳೇ ಜಾಸ್ತಿ.

ಒಂದು ಎತ್ತನ್ನು ಆರಿಸಿಕೊಂಡು ಅದರ ಮುಂದೆಯೇ ಕೂತುಬಿಡಿ. ನೆತ್ತಿಯ ಬಿಸಿಲಿನಲ್ಲಿ ಏನೂ ಕಾಣುವುದಿಲ್ಲ. ಓರೆಬಿಸಿಲಿನಲ್ಲಿ ಕುಟ್ಟಿದ ಚುಕ್ಕೆಗಳು ಒಂದೊಂದಾಗಿ ಎದ್ದು ಬರುತ್ತವೆ. ಬಂಡೆಯ ಮೇಲ್ಮೈ ಕಪ್ಪು, ಕುಟ್ಟಿದಾಗ ಒಳಗಿನ ತಿಳಿ ಬಣ್ಣ ಹೊರಗೆ ಬರುತ್ತದೆ, ಕಾಲ ಕಳೆದಂತೆ ಅದೂ ಮತ್ತೆ ಕಪ್ಪಾಗುತ್ತದೆ. ಹಾಗಾಗಿ ಒಂದೇ ಬಂಡೆಯ ಮೇಲೆ ಮಂಕಾದ ಗೆರೆ ಹಳೆಯದು, ತಿಳಿ ಗೆರೆ ಹೊಸದು ಅಂತ ನಿಮ್ಮ ಕಣ್ಣೇ ಹೇಳುತ್ತದೆ. ಮುಖದ ವಿವರ ಇಲ್ಲ, ಮೈಗೆ ಬಣ್ಣ ಇಲ್ಲ, ಆದರೂ ಅದು ಎತ್ತೇ. ಕೊಂಬಿನ ಒಂದು ಬಾಗಿನಲ್ಲಿ ಎಲ್ಲ ಮುಗಿದಿದೆ. ನಿಮ್ಮ ತೇರಿನ ಜನಕ್ಕೆ ಬೇಕಾಗಿದ್ದದ್ದು ಇದು. ಪೆನ್ಸಿಲ್ ಒಯ್ಯಿರಿ, ಫೋಟೋ ಆಮೇಲೆ. ಕೈಯಲ್ಲಿ ಗೆರೆ ಹಾಕುವಾಗ ಕಣ್ಣು ಮೋಸ ಮಾಡಲು ಆಗುವುದಿಲ್ಲ. ಬಂಡೆಯ ಮೇಲೆ ಸೀಮೆಸುಣ್ಣ ಎಳೆದು ಗುರುತು ಮಾಡುವ ಬುದ್ಧಿವಂತರಿದ್ದಾರೆ, ಅವರ ಜೊತೆ ಹೋಗಬೇಡಿ. ಕಲ್ಲು ಕ್ವಾರಿಯ ಕಾಟ ಸಾಲದು ಅಂತ ಇದೊಂದು.

ಕಿನ್ನಾಳದ ಮಾತಿಗೆ ಬರುತ್ತೇನೆ. ನೀವೇ ನೋಡಿ ಬಂದಿದ್ದೀರಿ. ಹಗುರ ಮರದಲ್ಲಿ ಅಂಗಾಂಗ ಬೇರೆ ಬೇರೆ ಕೆತ್ತಿ ಜೋಡಿಸುತ್ತಾರೆ. ಸಂದುಗಳಿಗೆ ಕಿಟ್ಟ ತುಂಬುತ್ತಾರೆ, ಅಂದರೆ ಗೋಣಿಚೀಲದ ಪುಡಿ, ಮರದ ಹೊಟ್ಟು, ಹುಣಸೆಬೀಜದ ಅಂಟು ಸೇರಿಸಿ ಅರೆದದ್ದು. ಒಡವೆಗಳು ಉಬ್ಬಿ ಕಾಣುವಂತೆ ಕಲ್ಲುಪುಡಿಯ ಗಟ್ಟಿ ಅಂಟಿನಲ್ಲಿ ಎಳೆ ಎಳೆಯುತ್ತಾರೆ. ಬಣ್ಣ ಆಮೇಲೆ. ಆ ಕೆಲಸ ಮಾಡುವವರು ಚಿತ್ರಗಾರರು ಅನ್ನುವ ಮನೆತನದವರು. ಹಂಪಿ ವಿರೂಪಾಕ್ಷ ಗುಡಿಯ ರಂಗಮಂಟಪದ ಚಾವಣಿ ನೋಡಿದ್ದೀರಲ್ಲ? ಗಿರಿಜಾ ಕಲ್ಯಾಣ, ಅರ್ಜುನ ಮತ್ಸ್ಯಯಂತ್ರ ಹೊಡೆಯುವುದು, ವಿದ್ಯಾರಣ್ಯರ ಪಲ್ಲಕ್ಕಿ ಮೆರವಣಿಗೆ. ಅದನ್ನು ಬರೆದದ್ದು ಈ ಚಿತ್ರಗಾರರ ಹಿರಿಯರೇ ಅನ್ನುವ ಮಾತಿದೆ. ಹಾಗಿದ್ದರೆ ಚಾವಣಿ ಆರ್ಟು, ಗೊಂಬೆ ಕ್ರಾಫ್ಟು ಅಂತ ನಿಮ್ಮ ಕ್ಲಾಸಿನವರು ಗೆರೆ ಎಲ್ಲಿ ಎಳೆಯುತ್ತಾರೆ, ಕೇಳಿ ನೋಡಿ. ಹಾಗಂತ ಕಿನ್ನಾಳದ್ದು ಅಂದಕೂಡಲೇ ಕೈ ಮುಗಿಯುವುದೂ ಬೇಡ. ಎರಡು ಗರುಡನನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಹುಬ್ಬಿನ ಗೆರೆ ಒಂದೇ ಉಸಿರಿನಲ್ಲಿ ಬಂದಿರುತ್ತದೆ, ಇನ್ನೊಂದರಲ್ಲಿ ನಡುವೆ ಕುಂಚ ಎತ್ತಿದ್ದು ಕಾಣುತ್ತದೆ. ಅದನ್ನು ಹೇಳುವವರು ಬೇಕು. ಕ್ರಾಫ್ಟ್ ಅಂತ ನಕ್ಕವರಿಗೂ ಅದು ಕಾಣಲಿಲ್ಲ, ಸುಮ್ನೆ ಹೊಗಳುವವರಿಗೂ ಕಾಣುವುದಿಲ್ಲ.

ಕೊನೆಗೆ, ಬೇರೆಯವರ ಚಿತ್ರದ ಬಗ್ಗೆ ಏನು ಹೇಳಬೇಕು ಅಂತ. ಅಮೆರಿಕದ ಎಡ್ಮಂಡ್ ಫೆಲ್ಡ್‌ಮನ್ ಅನ್ನುವ ಪ್ರಾಧ್ಯಾಪಕ ಹಾಕಿಕೊಟ್ಟ ಒಂದು ಕ್ರಮ ಎಲ್ಲ ಕಡೆ ಬಳಕೆಯಲ್ಲಿದೆ. ಮೊದಲು ಕಂಡದ್ದು, ಆಮೇಲೆ ಅದನ್ನು ಜೋಡಿಸಿರುವ ರೀತಿ, ಆಮೇಲೆ ಅರ್ಥ, ಕಟ್ಟಕಡೆಗೆ ತೀರ್ಪು. ನಾವು ತೀರ್ಪಿನಿಂದಲೇ ಶುರು ಮಾಡುತ್ತೇವೆ, ಅದಕ್ಕೇ ಎರಡನೇ ವಾಕ್ಯಕ್ಕೆ ಮಾತು ಮುಗಿಯುತ್ತದೆ. ಉದಾಹರಣೆಗೆ, ‘ಬಾಗಿಲು ಅರ್ಧ ತೆರೆದಿದೆ, ಒಳಗೆ ಪೂರ್ತಿ ಕಪ್ಪು ಬಿಟ್ಟಿದ್ದೀಯ, ನಾನು ಆ ಕಪ್ಪನ್ನೇ ನೋಡುತ್ತಾ ನಿಂತೆ, ಹೊರಗೆ ಕೂತ ಅಜ್ಜಿ ಆಮೇಲೆ ಕಂಡಳು’ ಅಂತ ಹೇಳಿ ಸಾಕು. ಅಜ್ಜಿ ಮೊದಲು ಕಾಣಬೇಕಿತ್ತೋ ಬೇಡವೋ ಅನ್ನುವುದನ್ನು ಮಾಡಿದವನು ನೋಡಿಕೊಳ್ಳುತ್ತಾನೆ. ಮತ್ತೆ, ನಿಮ್ಮ ಚಿತ್ರದ ಸರದಿ ಬಂದಾಗ ಮೊದಲು ಬಾಯಿ ತೆರೆಯಬೇಡಿ. ‘ನನ್ನ ಮನಸ್ಸಿನಲ್ಲಿ ಏನಿತ್ತು ಅಂದರೆ’ ಅಂತ ನೀವು ಶುರು ಮಾಡಿದರೆ ಅವರು ನಿಮ್ಮ ಮಾತು ಕೇಳಿಸಿಕೊಳ್ಳುತ್ತಾರೆ, ಹಾಳೆ ನೋಡುವುದಿಲ್ಲ.

ಪ್ರಶ್ನೆ: ವಾಟರ್ ಕಲರ್‌ನಲ್ಲಿ ಆಕಾಶಕ್ಕೆ ವಾಶ್ (ತೆಳು ಬಣ್ಣದ ಅಗಲ ಹರವು) ಹಾಕಿದರೆ ಅರ್ಧಕ್ಕೇ ಒಣಗಿ ಪಟ್ಟೆ ಪಟ್ಟೆ ಬೀಳುತ್ತದೆ. ಯೂಟ್ಯೂಬ್‌ನಲ್ಲಿ ತೋರಿಸಿದ ಹಾಗೇ ಮಾಡುತ್ತೇನೆ.
— ವಿದ್ಯಾರ್ಥಿ, ರಾಯಚೂರು

ಉತ್ತರ: ಯೂಟ್ಯೂಬ್‌ನವರಿಗೆ ರಾಯಚೂರಿನ ಬಿಸಿಲು ಗೊತ್ತಿಲ್ಲ! ಬೆಳಗ್ಗೆ ಬೇಗ ಕೂತುಕೊಳ್ಳಿ, ಫ್ಯಾನ್ ಆರಿಸಿ. ಹಾಳೆಯ ಎರಡೂ ಬದಿ ಒದ್ದೆ ಮಾಡಿ ಗಾಜಿನ ಮೇಲೆ ಹಾಸಿದರೆ ಅಡಿಯಿಂದ ತೇವ ಸಿಗುತ್ತಾ ಇರುತ್ತದೆ. ಕಾರ್ಟ್ರಿಡ್ಜ್ ಶೀಟ್ ಇದನ್ನು ತಾಳುವುದಿಲ್ಲ, 300 ಜಿಎಸ್‌ಎಂ ದಪ್ಪ ಹಾಳೆ ಬೇಕು. ಬೇಕಾದಷ್ಟು ಬಣ್ಣವನ್ನು ಮೊದಲೇ ಬಟ್ಟಲಿನಲ್ಲಿ ಕಲಸಿಟ್ಟುಕೊಳ್ಳಿ, ನಡುವೆ ಕಲಸಲು ಹೋದರೆ ಅಷ್ಟರಲ್ಲಿ ಒಣಗಿರುತ್ತದೆ. ನೀರಿಗೆ ಒಂದೆರಡು ಹನಿ ಗ್ಲಿಸರಿನ್ ಹಾಕಿದರೆ ನಿಧಾನ ಒಣಗುತ್ತದೆ, ಜಾಸ್ತಿ ಹಾಕಿದರೆ ಒಣಗುವುದೇ ಇಲ್ಲ. ಅರೆ ಒಣಗಿದ ಜಾಗಕ್ಕೆ ಮತ್ತೆ ಒದ್ದೆ ಕುಂಚ ಇಡಬೇಡಿ.

ಪ್ರಶ್ನೆ: ಎಲ್ಲರೂ ಒಂದೊಂದು ಹೇಳುತ್ತಾರೆ. ಅದನ್ನೆಲ್ಲ ಕೇಳಿ ಅದೇ ಚಿತ್ರ ತಿದ್ದಬೇಕಾ, ಬಿಟ್ಟು ಹೊಸದು ಮಾಡಬೇಕಾ?
— ಬಿ.ವಿ.ಎ. ವಿದ್ಯಾರ್ಥಿ, ಬಳ್ಳಾರಿ

ಉತ್ತರ: ಬಣ್ಣ ಯಾವುದು ಅನ್ನುವುದರ ಮೇಲೆ ಹೋಗುತ್ತದೆ. ಅಕ್ರಿಲಿಕ್ ಆದರೆ ಮೇಲೆ ಹಚ್ಚಿ ತಿದ್ದಬಹುದು. ವಾಟರ್ ಕಲರ್ ತಿದ್ದಲು ಹೋದರೆ ಕೆಸರಾಗುತ್ತದೆ, ಹೊಸ ಹಾಳೆ ತೆಗೆಯಿರಿ. ತೊಗಲುಗೊಂಬೆ ಮಾಡುವವರು ಒಡವೆ, ಸೀರೆಯ ಅಂಚಿಗೆಲ್ಲ ತೊಗಲಿನಲ್ಲಿ ಸಣ್ಣ ಸಣ್ಣ ತೂತು ಹೊಡೆಯುತ್ತಾರೆ, ಹೊಡೆದ ತೂತು ಮುಚ್ಚಲು ಬರುತ್ತದಾ? ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಿದ್ದು ಇದೇ ಆಟಕ್ಕೆ. ನಿಮ್ಮ ಕಡೆ ಎಲ್ಲಾದರೂ ಆಟ ಇದ್ದರೆ ಪರದೆಯ ಎರಡೂ ಕಡೆ ನಿಂತು ನೋಡಿ. ಹಿಂದೆ ಅಂಗೈಯಲ್ಲಿ ಕಂಡ ಬಣ್ಣವೇ ಬೇರೆ, ದೀಪ ಹಾದು ಮುಂದೆ ಬಂದಾಗ ಕಾಣುವ ಬಣ್ಣವೇ ಬೇರೆ.

ಎಲ್ಲರ ಮಾತನ್ನೂ ಪಾಲಿಸಲು ಹೋಗಬೇಡಿ. ಸಂಬಂಧ ಇಲ್ಲದ ಇಬ್ಬರು ಒಂದೇ ಜಾಗಕ್ಕೆ ಬೆರಳಿಟ್ಟರೆ ಅಲ್ಲಿ ಏನೋ ಇದೆ ಅಂತ ತಿಳಿಯಿರಿ. ಅವರು ಹೇಳಿದ ಪರಿಹಾರ ಮಾತ್ರ ತಪ್ಪಿರಬಹುದು. ಮೊದಲು ವಿಸಿಟಿಂಗ್ ಕಾರ್ಡಿನಷ್ಟು ಅಳತೆಯ ನಾಲ್ಕೈದು ಚೌಕ ಹಾಕಿ, ಕಪ್ಪು, ಬೂದಿ, ಬಿಳಿ ಮೂರೇ ಬಣ್ಣದಲ್ಲಿ ಅದೇ ಚಿತ್ರವನ್ನು ಬೇರೆ ಬೇರೆ ರೀತಿ ಜೋಡಿಸಿ ನೋಡಿ. ಹಳೆಯ ಹಾಳೆ ಹರಿಯಬೇಡಿ, ಹಿಂದೆ ತಾರೀಖು ಬರೆದು ಇಡಿ. ಮುಂದಿನ ಸಲ ಪತ್ರ ಬರೆಯುವಾಗ ಆ ಚೌಕಗಳ ಫೋಟೋ ಕಳಿಸಿ, ದೊಡ್ಡ ಚಿತ್ರ ಆಮೇಲೆ ನೋಡೋಣ.