ಹಿತ್ತಲ ಕೋಳಿ: ತಿಣುಕುವ ಹ್ಯಾಟೆ, ಮೆತ್ತನೆ ಮೊಟ್ಟೆ

ಪ್ರಶ್ನೆ: ಅಕ್ಕಾ, ನಮ್ಮದು ಮೂಡಿಗೆರೆ ಹತ್ತಿರ ತೋಟ. ಆರು ಗಿರಿರಾಜ ಹ್ಯಾಟೆ ಇವೆ. ಒಂದು ನಿನ್ನೆಯಿಂದ ಬಾಲ ಇಳಿಬಿಟ್ಟು, ಎದೆ ಎತ್ತಿ ನೆಟ್ಟಗೆ ನಿಲ್ಲುತ್ತಿದೆ. ಗೂಡಿಗೆ ಹೋಗುತ್ತದೆ, ಸುಮ್ನೆ ಕೂತು ಎದ್ದು ಬರುತ್ತದೆ, ಮೊಟ್ಟೆ ಇಲ್ಲ. ಮೇವೂ ಮುಟ್ಟಿಲ್ಲ. ಕಾವಿಗೆ ಬಂದಿದೆ ಬಿಡಿ ಅಂತಾರೆ ಪಕ್ಕದ ಮನೆಯವರು. ಹೌದಾ?

ಉತ್ತರ: ಇಲ್ಲ. ನಿಮಗೆ ಅವತ್ತೇ ಫೋನಿನಲ್ಲಿ ಹೇಳಿದ್ದೆ, ಉಳಿದವರಿಗೂ ಬೇಕಾಗುತ್ತದೆ ಅಂತ ಇಲ್ಲೂ ಬರೆಯುತ್ತಿದ್ದೇನೆ.

ಕಾವಿಗೆ ಬಂದ ಕೋಳಿಗೆ ಕೋಪ ಜಾಸ್ತಿ. ಕೈ ಹತ್ತಿರ ತಂದರೆ ಪುಕ್ಕ ಉಬ್ಬಿಸಿ ಗುರ್ ಅನ್ನುತ್ತದೆ, ಕುಕ್ಕುತ್ತದೆ. ದಿನಕ್ಕೊಂದು ಸಲ ಎದ್ದು ಗಬಗಬ ತಿಂದು, ದೊಡ್ಡ ಹಿಕ್ಕೆ ಹಾಕಿ, ಮತ್ತೆ ಓಡಿಹೋಗಿ ಕೂರುತ್ತದೆ. ನಿಮ್ಮದು ಮಂಕಾಗಿದೆ, ಕಣ್ಣು ಅರ್ಧ ಮುಚ್ಚಿದೆ, ಬಾಲ ಮೇಲೆ ಕೆಳಗೆ ಆಡುತ್ತಿದೆ ಅಂದಿರಿ. ಅದು ತಿಣುಕುವುದು. ಮೊಟ್ಟೆ ಒಳಗೆ ಸಿಕ್ಕಿಕೊಂಡಿರಬಹುದು.

ನಾನು ಕೋಳಿ ಸಾಕಲು ಶುರು ಮಾಡಿದ ವರ್ಷ ಇದೇ ತರಹ ನಿಂತಿದ್ದ ಒಂದು ಹ್ಯಾಟೆಗೆ ಕೊಕ್ಕರೆ ರೋಗ ಅಂದುಕೊಂಡು ಬೆಳ್ಳುಳ್ಳಿ, ಅರಿಶಿನ, ಯಾರೋ ಕೊಟ್ಟ ಒಂದು ಮಾತ್ರೆ, ಎಲ್ಲ ನುಂಗಿಸಿದೆ. ಮೂರನೇ ದಿನ ಸತ್ತಿತು. ಹೂಳುವ ಮೊದಲು ಹೊಟ್ಟೆ ಮುಟ್ಟಿ ನೋಡಿದರೆ ಬಾಲದ ಕೆಳಗೆ ಗಟ್ಟಿಯಾಗಿ, ನಿಂಬೆಹಣ್ಣಿಗಿಂತ ದೊಡ್ಡದಾಗಿ, ಇಡೀ ಮೊಟ್ಟೆ ಕೈಗೆ ಸಿಕ್ಕಿತು. ಬದುಕಿದ್ದಾಗ ಒಂದು ಸಲವಾದರೂ ಮುಟ್ಟಿ ನೋಡಿರಲಿಲ್ಲ. ಅದಕ್ಕೇ ಯಾರೇ ಕೇಳಲಿ, ಮೊದಲು ಹಿಡಿದು ನೋಡಿ ಅಂತೀನಿ, ಔಷಧಿ ಆಮೇಲೆ.

ಹಿಡಿಯುವುದು ಹೇಗೆ? ಸಂಜೆ ಗೂಡು ಸೇರಿದ ಮೇಲೆ ಸುಲಭ. ತಲೆ ನಿಮ್ಮ ಕಂಕುಳ ಕಡೆ ಬರುವಂತೆ, ರೆಕ್ಕೆ ಅಮುಕಿ ಹಿಡಿದುಕೊಳ್ಳಿ. ಹಿಕ್ಕೆ ಬರುವ ದ್ವಾರದ ಎರಡೂ ಪಕ್ಕ ಸಣ್ಣ ಎಲುಬಿನ ತುದಿ ಕೈಗೆ ತಾಗುತ್ತದೆ. ಮೊಟ್ಟೆ ಇಡುವ ಕೋಳಿಯಲ್ಲಿ ಆ ಎರಡು ತುದಿಗಳ ನಡುವೆ ಎರಡು ಮೂರು ಬೆರಳು ಹಿಡಿಯುತ್ತದೆ, ದ್ವಾರ ಅಗಲವಾಗಿ ಒದ್ದೆಯಾಗಿರುತ್ತದೆ. ಮೊಟ್ಟೆ ನಿಲ್ಲಿಸಿದ ಕೋಳಿಯಲ್ಲಿ ಒಂದು ಬೆರಳು ಹಿಡಿದರೆ ಹೆಚ್ಚು, ದ್ವಾರ ಮುದುಡಿ ಒಣಗಿರುತ್ತದೆ. ಆಮೇಲೆ ಆ ಎಲುಬು ಮತ್ತು ಎದೆಮೂಳೆ ನಡುವಿನ ಹೊಟ್ಟೆಯನ್ನು ಮೆಲ್ಲಗೆ ಸವರಿ. ಗಟ್ಟಿ ಗುಂಡು ಸಿಕ್ಕಿದರೆ ಮೊಟ್ಟೆ. ಗಟ್ಟಿ ಏನೂ ಇಲ್ಲದೆ ನೀರು ತುಂಬಿದ ಬಲೂನಿನ ಹಾಗಿದ್ದರೆ ಬೇರೆ ಕಥೆ: ಹಳದಿ ಭಾಗ ಮೊಟ್ಟೆ ನಾಳಕ್ಕೆ ಇಳಿಯದೆ ಹೊಟ್ಟೆಯೊಳಗೇ ಬಿದ್ದು ಸೋಂಕಾಗಿರಬಹುದು. ಅದಕ್ಕೆ ಮನೆಮದ್ದು ಇಲ್ಲ. ಪಶುವೈದ್ಯರು ನೋಡಿದರೂ ಎಷ್ಟೋ ಸಲ ಉಳಿಯುವುದಿಲ್ಲ.

ಗುಂಡು ಸಿಕ್ಕಿತು ಅಂದುಕೊಳ್ಳಿ. ಅಗಲ ಬಕೆಟ್ಟಿನಲ್ಲಿ ಬೆಚ್ಚಗಿನ ನೀರು ತಗೊಳ್ಳಿ. ಬಾಣಂತಿಗೆ ಹುಯ್ಯುವ ಹಂಡೆ ನೀರಲ್ಲ, ಮೊಣಕೈ ಅದ್ದಿದರೆ ಹಾಯೆನಿಸಬೇಕು, ಅಷ್ಟೇ. ಹೊಟ್ಟೆ, ಬಾಲದ ಬುಡ ಮುಳುಗುವಂತೆ ಕೂರಿಸಿ 20 ನಿಮಿಷ ಹಿಡಿದುಕೊಳ್ಳಿ, ನೀರು ತಣ್ಣಗಾದರೆ ಬಿಸಿನೀರು ಬೆರೆಸುತ್ತಿರಿ. ಮೊದಲ ನಿಮಿಷ ಒದ್ದಾಡುತ್ತದೆ, ಆಮೇಲೆ ಎಷ್ಟು ಸುಖವಾಗುತ್ತದೋ ಏನೋ, ಕೈ ಮೇಲೆ ತಲೆ ಇಟ್ಟು ತೂಕಡಿಸುತ್ತದೆ. ಚೆನ್ನಾಗಿ ಒರೆಸಿ, ದ್ವಾರದ ಸುತ್ತ ಮತ್ತು ಒಳಅಂಚಿಗೆ ಕೊಬ್ಬರಿ ಎಣ್ಣೆ ಸವರಿ, ಹುಲ್ಲು ಹಾಸಿದ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲೆಗೆ, ಬೆಚ್ಚಗೆ ಇಡಿ. ಬಚ್ಚಲೊಲೆ ಪಕ್ಕ ಸರಿಯಾದ ಜಾಗ, ಹೊಗೆ ಕಟ್ಟದಿದ್ದರೆ. ಕುಡಿಯಲು ನೀರು ಇರಲಿ. ಕೋಳಿಗೆ ಅಂತ ಪಶು ಔಷಧಿ ಅಂಗಡಿಯಲ್ಲಿ ಸಿಗುವ ಕ್ಯಾಲ್ಸಿಯಂ ಟಾನಿಕ್ ಇದ್ದರೆ ಡಬ್ಬಿ ಮೇಲೆ ಬರೆದಷ್ಟು ಕೊಡಿ. ಮೊಟ್ಟೆ ತಳ್ಳುವ ಸ್ನಾಯುವಿಗೂ ಕ್ಯಾಲ್ಸಿಯಂ ಬೇಕು, ಚಿಪ್ಪಿಗೆ ಮಾತ್ರ ಅಲ್ಲ. ಎಷ್ಟೋ ಕೋಳಿ ಒಂದೆರಡು ಗಂಟೆಯಲ್ಲಿ ಮೊಟ್ಟೆ ಇಟ್ಟು, ಏನೂ ಆಗಿಲ್ಲವೇನೋ ಅನ್ನುವಂತೆ ಎದ್ದು ಮೇವು ಕೇಳುತ್ತವೆ. ಬರದಿದ್ದರೆ ಇನ್ನೊಂದು ಸಲ ನೀರಿಗೆ ಕೂರಿಸಿ.

ಹೊಟ್ಟೆ ಹಿಸುಕಿ ಮೊಟ್ಟೆ ತಳ್ಳಲು ಮಾತ್ರ ಹೋಗಬೇಡಿ. ಒಳಗೆ ಒಡೆದರೆ ಚಿಪ್ಪಿನ ಚೂರು ನಾಳ ಸೀಳುತ್ತದೆ, ಕೋಳಿ ಹೋಗುತ್ತದೆ. ಪೂರ್ತಿ ಸಿಕ್ಕಿಕೊಂಡ ಕೋಳಿ ಒಂದೆರಡು ದಿನಕ್ಕಿಂತ ಹೆಚ್ಚು ಬದುಕುವುದು ಕಷ್ಟ. ಅದಕ್ಕೇ ಎರಡು ಸಲ ನೀರಿಗೆ ಕೂರಿಸಿಯೂ ಬರಲಿಲ್ಲ ಅಂದರೆ, ಇಲ್ಲವೇ ಕಾಲು ಎಳೆಯಲು ಶುರುವಾದರೆ, ನಾಳೆ ನೋಡೋಣ ಅನ್ನಬೇಡಿ, ಪಶು ಆಸ್ಪತ್ರೆಗೆ ಒಯ್ಯಿರಿ. ಕ್ಯಾಲ್ಸಿಯಂ ಇಂಜೆಕ್ಷನ್ ಅವರ ಕೈಯಲ್ಲಿದೆ. ಬೇಕಾದರೆ ಸೂಜಿಯಿಂದ ಮೊಟ್ಟೆಯೊಳಗಿನದ್ದು ಎಳೆದು ಖಾಲಿ ಮಾಡಿ ಹೊರಗೆ ತೆಗೆಯುತ್ತಾರೆ. ಹಾಸನದ ಕಡೆಯವರಿಗೆ ಅಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಕೋಳಿಗೆಲ್ಲ ಡಾಕ್ಟರಾ ಅಂತ ಯಾರಾದರೂ ನಕ್ಕರೆ ನಗಲಿ ಬಿಡಿ.

ನಿಮ್ಮ ಕೋಳಿಗೆ ಯಾಕೆ ಹೀಗಾಯಿತು? ದಿನಾ ಮೂರು ಹೊತ್ತು ಅಕ್ಕಿ, ಉಳಿದ ಅನ್ನ ಅಂತ ಬರೆದಿದ್ದೀರಿ. ಬೊಜ್ಜು ಬಂದ ಕೋಳಿಗೆ ಇದು ಬೇಗ ಆಗುತ್ತದೆ. ಮೊದಲ ಸಲ ಇಡುವ ಎಳೆ ಕೋಳಿಗೂ, ಎರಡು ಹಳದಿಯ ದೊಡ್ಡ ಮೊಟ್ಟೆ ಬಂದಾಗಲೂ ಆಗಬಹುದು. ಅನ್ನ ಕಡಿಮೆ ಮಾಡಿ, ತೋಟಕ್ಕೆ ಬಿಡಿ, ಗೆದ್ದಲು ಹುಳ ಕೆದಕಿಕೊಳ್ಳಲಿ.

ಪ್ರಶ್ನೆ: ಬೇಲೂರಿನಿಂದ. ಚಿಪ್ಪೇ ಇಲ್ಲದ ಮೆತ್ತನೆ ಮೊಟ್ಟೆ ಬರುತ್ತಿದೆ, ಹಿಡಿದರೆ ಚೀಲದ ಹಾಗೆ. ಅತ್ತೆ ಎಲೆಗೆ ಹಾಕುವ ಸುಣ್ಣ ನೀರಿಗೆ ಕಲಸಿ ಕೊಡು ಅಂತಾರೆ. ಕೊಡಬಹುದಾ?

ಉತ್ತರ: ಅತ್ತೆ ಹೇಳಿದ್ದು ಅರ್ಧ ಸರಿ ಕಣಮ್ಮ. ಕೊರತೆ ಸುಣ್ಣದ್ದೇ, ಆದರೆ ಎಲೆಗೆ ಹಚ್ಚುವ ಸುಣ್ಣ ಸುಡುವಂಥದ್ದು. ಜಾಸ್ತಿ ಹಚ್ಚಿಕೊಂಡರೆ ನಮ್ಮ ಬಾಯೇ ಬೆಂದುಹೋಗುತ್ತದೆ, ಇನ್ನು ಕೋಳಿ ಗಂಟಲು ಏನಾಗಬೇಡ? ಬೇಡ.

ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಹೋಗುತ್ತದೆ. ಮೊಟ್ಟೆ ತಯಾರಾಗಲು 24ರಿಂದ 26 ಗಂಟೆ ಬೇಕು, ಅದರಲ್ಲಿ 20 ಗಂಟೆ ಚಿಪ್ಪು ಕಟ್ಟುವುದಕ್ಕೇ. ಆ ಕೆಲಸದ ಬಹುಪಾಲು ನಡೆಯುವುದು ರಾತ್ರಿ, ಕೋಳಿ ತಿನ್ನದ ಹೊತ್ತಿನಲ್ಲಿ. ಹಾಗಾಗಿ ಸಂಜೆ ಗೂಡಿಗೆ ಹೋಗುವ ಮುಂಚೆ ಕಪ್ಪೆಚಿಪ್ಪಿನ ನುಚ್ಚು ಸಿಗುವಂತೆ ಇಡಿ. ಕೋಳಿ ಮೇವಿನ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಬೇರೆ ಬಟ್ಟಲಲ್ಲಿಡಿ, ಬೇಕಾದ್ದು ಎಷ್ಟು ಅಂತ ಕೋಳಿಗೇ ಗೊತ್ತು. ಮನೆಯ ಮೊಟ್ಟೆ ಚಿಪ್ಪೂ ಆಗುತ್ತದೆ, ಕಾಯಿಸಿ ಪುಡಿ ಮಾಡಿ ಹಾಕಿ. ಹಾಗೇ ಎಸೆದರೆ ಅದರ ರುಚಿ ಹತ್ತಿ ಗೂಡಲ್ಲಿರುವ ಮೊಟ್ಟೆಯನ್ನೇ ಕುಕ್ಕಿ ಕುಡಿಯಲು ಕಲಿಯಬಹುದು. ನಮ್ಮಲ್ಲಿ ಒಂದು ಕಲಿತಿತ್ತು. ಆ ಚಟ ಬಿಡಿಸಲು ಆಗಲೇ ಇಲ್ಲ, ಕೊನೆಗೆ ಸಾರಾಯಿತು.

ನೀವು ಮರಿಗೆ ಹಾಕುವ ಮೇವನ್ನೇ ದೊಡ್ಡವಕ್ಕೂ ಹಾಕುತ್ತಿದ್ದೀರಿ ಅನ್ನಿಸುತ್ತದೆ. ಅದರಲ್ಲಿ ಕ್ಯಾಲ್ಸಿಯಂ ಶೇ. 1ರಷ್ಟು ಇರುತ್ತದೆ, ಮೊಟ್ಟೆ ಕೋಳಿಗೆ ಶೇ. 3.5ರಿಂದ 4 ಬೇಕು. ಲೇಯರ್ ಮೇವು ಅಂತಲೇ ಕೇಳಿ ತನ್ನಿ. ಹಾಗಂತ ಮರಿಗಳಿಗೆ ಲೇಯರ್ ಮೇವು ಹಾಕಬೇಡಿ, ಅವುಗಳ ಮೂತ್ರಪಿಂಡ ಕೆಡುತ್ತದೆ.

ಬೇಸಿಗೆಯಲ್ಲಿ ಕೋಳಿ ಬಾಯಿ ಬಿಟ್ಟು ಏದುಸಿರು ಬಿಡುವಾಗಲೂ ಚಿಪ್ಪು ತೆಳುವಾಗುತ್ತದೆ. ನಾಯಿ ಅಟ್ಟಿಸಿದ ಮಾರನೇ ದಿನ ಒಂದು ಮೆತ್ತನೆ ಮೊಟ್ಟೆ ಬಂದರೆ ಚಿಂತೆ ಬೇಡ. ಆದರೆ ಇಡೀ ಗುಂಪಿನಲ್ಲಿ ಮೊಟ್ಟೆ ಒಮ್ಮೆಗೇ ಕಡಿಮೆಯಾಗಿ, ಚಿಪ್ಪು ಸುಕ್ಕಾಗಿ, ಒಡೆದರೆ ಬಿಳಿ ಭಾಗ ನೀರಿನ ಹಾಗೆ ಹರಿದರೆ ಅದು ರೋಗ. ಕೆಮ್ಮು, ಸೀನು ಇದೆಯಾ ನೋಡಿ, ಡಾಕ್ಟರನ್ನು ಕೇಳಿ. ಆಂಟಿಬಯಾಟಿಕ್ ಕೊಟ್ಟರೆ, ಅವರು ಹೇಳಿದಷ್ಟು ದಿನ ಮೊಟ್ಟೆ ತಿನ್ನಬೇಡಿ, ಮಾರಲೂ ಬೇಡಿ.

ಪ್ರಶ್ನೆ: ಸಕಲೇಶಪುರ. ಮೊಟ್ಟೆ ಇಟ್ಟ ಮೇಲೆ ಹಿಂದೆ ಕೆಂಪಗೆ ಮಾಂಸ ಹೊರಗೆ ಬಂದಿದೆ. ಉಳಿದ ಕೋಳಿಗಳು ಕುಕ್ಕುತ್ತಿವೆ.

ಉತ್ತರ: ಮೊದಲು ಬೇರೆ ಮಾಡಿ, ಈಗಲೇ. ಕೆಂಪು ಕಂಡರೆ ಉಳಿದವು ಬಿಡುವುದಿಲ್ಲ, ಕರುಳು ಎಳೆದು ಸಾಯಿಸಿಬಿಡುತ್ತವೆ. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಬಾವು ಇದ್ದರೆ ಸಕ್ಕರೆ ದಪ್ಪಗೆ ಉದುರಿಸಿ ಸ್ವಲ್ಪ ಹೊತ್ತು ಬಿಡಿ, ನೀರೆಳೆದುಕೊಂಡು ಇಳಿಯುತ್ತದೆ. ಕೈ ತೊಳೆದು, ಎಣ್ಣೆ ಹಚ್ಚಿದ ಬೆರಳಿನಿಂದ ಮೆಲ್ಲಗೆ ಒಳಗೆ ತಳ್ಳಿ. ನಾಲ್ಕೈದು ದಿನ ಕತ್ತಲೆ ಜಾಗದಲ್ಲಿಡಿ, ಬೆಳಕು ಕಡಿಮೆಯಾದರೆ ಮೊಟ್ಟೆ ಇಡುವುದೂ ನಿಧಾನವಾಗುತ್ತದೆ. ಮತ್ತೆ ಮತ್ತೆ ಹೊರಬಂದರೆ, ಇಲ್ಲವೇ ಮಾಂಸ ಕಪ್ಪಾಗಿದ್ದರೆ, ಪಶು ಆಸ್ಪತ್ರೆಗೇ ಹೋಗಬೇಕು.

ಪ್ರಶ್ನೆ: ಕೊಪ್ಪ. ಮಳೆಗಾಲ ಬಂತು ಅಂದರೆ ನಾಟಿ ಕೋಳಿ ಮೊಟ್ಟೆ ನಿಲ್ಲಿಸುತ್ತದೆ. ಬಲ್ಬ್ ಹಾಕಿದರೆ ಇಡುತ್ತದಂತೆ, ನಿಜವಾ?

ಉತ್ತರ: ಜಾಸ್ತಿ ಇಡುವ ಜಾತಿಗೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು ಅನ್ನುವುದು ನಿಜ. ನಮ್ಮ ಕಡೆ ಜೂನ್ ತಿಂಗಳಲ್ಲೂ ಹಗಲು 13 ಗಂಟೆ ದಾಟುವುದಿಲ್ಲ, ಮೇಲಿಂದ ಮೋಡ. ಆದರೆ ನಾಟಿ ಕೋಳಿ ಹತ್ತು ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂರುವ ಜೀವ. ಅದಕ್ಕೆ ಬಲ್ಬ್ ಉರಿಸಿದರೆ ಕರೆಂಟ್ ಬಿಲ್ಲಿನಷ್ಟೂ ಮೊಟ್ಟೆ ಬರುವುದಿಲ್ಲ. ಪುಕ್ಕ ಉದುರಿಸುತ್ತಿದ್ದರೆ ಎರಡು ಮೂರು ತಿಂಗಳು ಬಿಟ್ಟುಬಿಡಿ. ಕಾವು ಬಿಡಿಸಬೇಕು ಅಂದರೆ ತಂತಿ ತಳದ ಪಂಜರದಲ್ಲಿ, ನೆಲದಿಂದ ಎತ್ತರದಲ್ಲಿ, ಕೆಳಗಿಂದ ಗಾಳಿಯಾಡುವಂತೆ ಮೂರು ನಾಲ್ಕು ದಿನ ಇಡಿ. ಮೇವು, ನೀರು ತಪ್ಪಿಸಬೇಡಿ. ಮೂಗಿಗೆ ಪುಕ್ಕ ಚುಚ್ಚುವುದೆಲ್ಲ ಬೇಡ, ಪಾಪ.

ಮತ್ತೆ, ನಿಜವಾಗಿ ನಿಲ್ಲಿಸಿದೆಯಾ ಅಂತ ಮೊದಲು ಎಲುಬಿನ ನಡುವೆ ಬೆರಳಿಟ್ಟು ನೋಡಿ. ಮೂರು ಬೆರಳು ಹಿಡಿದರೆ ಮೊಟ್ಟೆ ಎಲ್ಲೋ ಇದೆ ಅಂತಲೇ ಅರ್ಥ. ಸೌದೆ ರಾಶಿ ಹಿಂದೆ, ಕಾಫಿ ಗಿಡದ ಬುಡದಲ್ಲಿ ಹುಡುಕಿ. ಕೇರೆ ಹಾವು ನಿಮಗಿಂತ ಮುಂಚೆ ಹುಡುಕಿರದಿದ್ದರೆ ಸಿಗುತ್ತದೆ.